ಅಂಬಾಸಡರ್ ಕೆಳಗಿನ ರಟ್ಟು

ನಮ್ಮ ಮಾವನವರ ಅಂಬಾಸಡರ್ ನಿಂತಲ್ಲಿ ಕೆಳಗ ಒಂದು ರಟ್ಟು ಇರಲೇಬೇಕಿತ್ತು ನೋಡ್ರಿ. ಇಲ್ಲಂದ್ರ ಅತ್ತೆಯವರು ಸಾರಿಸಿದ ಅಂಗಳದಾಗ ಆಯಿಲ್ ಕಲೆ!

ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮಾದರಿ ಮ್ಯಾಲೆ ಬಂಗಾಳದ ಉತ್ತರಪಾರಾದಾಗ 1950ರ ದಶಕದಿಂದ 2014ರ ತನಕ ತಯಾರಾದ ಗಾಡಿ ಇದು. ಇಂಜಿನ್ ಮ್ಯಾಲಿನ ತಗಡಿನ ಮುಚ್ಚಳಕ್ಕ ಟ್ಯಾಪೆಟ್ ಕವರ್ ಅಂತಾರ. ಅದರ ಕೆಳಗ ಕಾರ್ಕ್ ಪಟ್ಟಿ. ಕಾರ್ಕ್ ಅಂದ್ರ ಗಿಡದ ತೊಗಟಿ. ಬಿಸಿಗೆ ವರ್ಷ ಕಳದಂಗ ಒಣಗಿ ಬಿರುಸಾಗತದ, ಆಯಿಲ್ ಜಿನಗತದ.

1992ರಾಗ ನಾನು ದಿನತುಂಬಿದ ಬಸುರಿ. ದವಾಖಾನಿ ದೂರ, ಇದ್ದದ್ದು ಇದೊಂದೇ ಗಾಡಿ. ಸೋರೋದು ನಿಲ್ಲಲಿ ಅಂತ ನಮ್ಮ ಮನೆಯವರು ನಟ್ ಜೋರಾಗಿ ಬಿಗಿದ್ರು. ತಗಡು ಬಾಗಿ ಮತ್ತಷ್ಟು ಸೋರಿತು. ಬಿಸಿ ಸೈಲೆನ್ಸರ್ ಪೈಪಿನ ಮ್ಯಾಲೆ ಬಿದ್ದು ಸುಟ್ಟ ವಾಸನಿ. ಮಿಸ್ತ್ರಿ ಬಂದು ಹಳೆ ಕಾರ್ಕ್ ಕೆರೆದು, ತಗಡು ಸಮ ಮಾಡಿ, ಹೊಸಾದು ಕೂಡಿಸಿದ. "ಹದಾ ನೋಡಿ ಬಿಗೀಬೇಕ್ರಿ ಸಾವ್ಕಾರ್ರ, ಜೋರು ಮಾಡಬಾರದು" ಅಂದ.

ಮೂರನೇ ದಿನ ರಾತ್ರಿ ಅದೇ ಗಾಡಿಯಾಗ ಹೋದೆ. ಮುಂಜಾನೆ ಮಗಳು ಹುಟ್ಟಿದಳು.

ಆಮ್ಯಾಲೂ ಮಾವನವರು ದಿನಾ ಆಯಿಲ್ ಕಡ್ಡಿ ಒರೆಸಿ, ಮತ್ತ ಅದ್ದಿ ನೋಡತಿದ್ರು. ರಟ್ಟು ಮಾತ್ರ ತೆಗೀಲಿಲ್ಲ. ರಾತ್ರಿ ಎಷ್ಟು ಹನಿ ಬಿತ್ತು ಅಂತ ಅದೇ ಹೇಳತಿತ್ತಲ್ಲ!