ಕಲೆಕ್ಟರ್: ಕಂದಾಯದಿಂದ ಹುಟ್ಟಿದ ಅಧಿಕಾರ

ಇಂಗ್ಲಿಷಿನಲ್ಲಿ ನಾಣ್ಯ, ಅಂಚೆಚೀಟಿ ಕೂಡಿಸುವವನೂ ಕಲೆಕ್ಟರ್, ರೈಲ್ವೆ ನಿಲ್ದಾಣದಲ್ಲಿ ಟಿಕೆಟ್ ಪಡೆಯುವವನೂ ಕಲೆಕ್ಟರ್. ಭಾರತದಲ್ಲಿ ಅದೇ ಪದ ಜಿಲ್ಲೆಯ ದೊರೆಗೆ ಹೆಸರಾಯಿತು. 1765ರಲ್ಲಿ ಬಂಗಾಳದ ದಿವಾನಿ, ಅಂದರೆ ಕಂದಾಯ ವಸೂಲಿಯ ಹಕ್ಕು, ಪಡೆದ ಈಸ್ಟ್ ಇಂಡಿಯಾ ಕಂಪನಿಗೆ ನಾಡೆಂದರೆ ಮೊದಲು ಆದಾಯ. 1772ರಲ್ಲಿ ವಾರನ್ ಹೇಸ್ಟಿಂಗ್ಸ್ ಜಿಲ್ಲೆಗಳಲ್ಲಿ ಕಲೆಕ್ಟರುಗಳನ್ನು ನೇಮಿಸಿದಾಗ, ಆ ಹೆಸರು ಅವರ ಕೆಲಸವನ್ನೇ ಹೇಳುತ್ತಿತ್ತು. ನಮ್ಮ ಜಿಲ್ಲಾಡಳಿತದ ಬೇರು ನ್ಯಾಯದಲ್ಲಲ್ಲ, ಜನಸೇವೆಯಲ್ಲೂ ಅಲ್ಲ, ಕಂದಾಯದಲ್ಲಿದೆ.

ಕಲೆಕ್ಟರು ದಂಡಾಧಿಕಾರಿಯೂ ಆಗಿದ್ದನಲ್ಲ, ಹೆಸರಿಗಿಷ್ಟು ಮಹತ್ವ ಏಕೆ ಎಂದು ಕೇಳಬಹುದು. ಯಾವ ಅಧಿಕಾರ ಮೊದಲು ಬಂತು ಎಂಬುದರಲ್ಲಿ ಉತ್ತರವಿದೆ. ಶ್ರೀರಂಗಪಟ್ಟಣ ಬಿದ್ದ 1799ರಲ್ಲೇ ಥಾಮಸ್ ಮನ್ರೊ ಕೆನರಾದ ಕಲೆಕ್ಟರಾಗಿ ಬಂದ. ಭೂಮಿಯ ಮೇಲಿನ ತೆರಿಗೆ ವಿಜಯನಗರದ ಕಾಲದಿಂದ ಹೇಗೆ ಏರುತ್ತ ಬಂತೆಂದು ಹಳೆಯ ಲೆಕ್ಕಪತ್ರಗಳಿಂದ ಶೋಧಿಸಿ ವರದಿ ಬರೆದ. ಮದ್ರಾಸ್ ಪ್ರಾಂತ್ಯದಲ್ಲಿ ಪೊಲೀಸ್ ಮತ್ತು ದಂಡಾಧಿಕಾರ ಜಿಲ್ಲಾ ನ್ಯಾಯಾಧೀಶರಿಂದ ಕಲೆಕ್ಟರಿಗೆ ಬಂದದ್ದು 1816ರಲ್ಲಿ, ಅವನದೇ ಒತ್ತಾಸೆಯಿಂದ. ಕಂದಾಯ ವಸೂಲಿಗೆ ಹಳ್ಳಿ ತಿರುಗುವವನೇ ಜನರನ್ನು ಬಲ್ಲ ಎಂಬುದು ಅವನ ವಾದ. ಕಂದಾಯದವನೇ ದಂಡೆತ್ತಿ ಹೋದದ್ದೂ ಉಂಟು: 1824ರಲ್ಲಿ ಕಿತ್ತೂರಿನ ಮೇಲೆ ಏರಿಹೋಗಿ ಸತ್ತ ಥ್ಯಾಕರೆ ಧಾರವಾಡದ ಕಲೆಕ್ಟರೇ.

ಮೈಸೂರಿನಲ್ಲಿ ಕಲೆಕ್ಟರೇ ಇರಲಿಲ್ಲ, ಇದ್ದದ್ದು ಡೆಪ್ಯುಟಿ ಕಮಿಷನರ್ ಎಂಬುದು ಇನ್ನೊಂದು ಆಕ್ಷೇಪ. ನಿಜ. 1831ರಲ್ಲಿ ಬ್ರಿಟಿಷರು ಮಹಾರಾಜರಿಂದ ಆಡಳಿತ ತೆಗೆದುಕೊಂಡು ಕಮಿಷನರುಗಳ ಕೈಗೆ ಕೊಟ್ಟರು. ಅಲ್ಲಿಂದ ಬೆಳೆದ ವ್ಯವಸ್ಥೆಯಲ್ಲಿ ಜಿಲ್ಲೆಗೆ ಡೆಪ್ಯುಟಿ ಕಮಿಷನರ್ ಬಂದ. 1956ರ ಏಕೀಕರಣದ ನಂತರ ಆ ಹೆಸರೇ ಇಡೀ ರಾಜ್ಯದಲ್ಲಿ ನಿಂತು, ಜನರ ಬಾಯಲ್ಲಿ ಡಿಸಿ ಆಯಿತು. ಆದರೆ ಬ್ರಿಟಿಷರು ಮೈಸೂರಿನ ಆಡಳಿತಕ್ಕೆ ಕೈಹಾಕಲು ನೆಪವಾದದ್ದೇ ಕಂದಾಯದ ಕಿರುಕುಳದ ವಿರುದ್ಧ ನಗರ (ಬಿದನೂರು) ಸೀಮೆಯ ರೈತರು ಎದ್ದ ದಂಗೆ. ಪದನಾಮ ಬೇರೆಯಾದರೂ ಜಮಾಬಂದಿಯ, ಅಂದರೆ ವರ್ಷದ ಕಂದಾಯ ಲೆಕ್ಕದ, ಹೊಣೆ ಅದೇ ಕಚೇರಿಯಲ್ಲಿ ಉಳಿಯಿತು.

ಈ ಚರಿತ್ರೆ ಇಂದಿಗೂ ಮುಖ್ಯ. ಪಹಣಿಯಿಂದ ಚುನಾವಣೆಯವರೆಗೆ ಎಲ್ಲವೂ ಒಂದೇ ಮೇಜಿನಲ್ಲಿ ಕೂಡಿರುವುದು ಸಹಜ ನಿಯಮವಲ್ಲ. ಕಂದಾಯದ ಅಧಿಕಾರಕ್ಕೆ ಉಳಿದವು ಒಂದೊಂದಾಗಿ ಸೇರಿದ ಫಲ. ಕರ್ನಾಟಕ ಅದನ್ನು ಒಮ್ಮೆ ಬದಲಿಸಿಯೂ ತೋರಿಸಿತು. 1983ರ ಕಾನೂನಿನಂತೆ 1987ರಲ್ಲಿ ಜಿಲ್ಲಾ ಪರಿಷತ್ತುಗಳು ಬಂದಾಗ, ಅವುಗಳ ಮುಖ್ಯ ಕಾರ್ಯದರ್ಶಿಯನ್ನು ಡಿಸಿಗಿಂತ ಹಿರಿಯ ಅಧಿಕಾರಿಯನ್ನಾಗಿ ಇಡಲಾಯಿತು. ಜನ ಆರಿಸಿದ ಸಭೆಗೆ ಜಿಲ್ಲೆಯಲ್ಲಿ ಮೊದಲ ಸ್ಥಾನ ಸಿಗಬೇಕೆಂದು ಬಯಸುವವರು ಆರಂಭಿಸಬೇಕಾದದ್ದು ಅಲ್ಲಿಂದಲೇ.