ಬಳ್ಳಿಗಾವಿಯ ಶಾಸನವೂ ಬೆಳಗಿನ ಡಿಟಾಕ್ಸ್ ಪಾನೀಯವೂ

ಶಿಕಾರಿಪುರ, ಶಿರಾಳಕೊಪ್ಪ, ಸೊರಬದ ಎಷ್ಟೋ ಮನೆಗಳಲ್ಲಿ ಬೆಳಗಿನ ಮೊದಲ ಲೋಟದಲ್ಲಿ ಏನಿರಬೇಕೆಂಬುದನ್ನು ಇಂದು ಮೊಬೈಲು ತೀರ್ಮಾನಿಸುತ್ತಿದೆ. ಸೌತೆಕಾಯಿ, ನಿಂಬೆ, ಪುದೀನ ನೆನೆಸಿದ ನೀರು ಒಂದು ದಿನ. ಹಸಿರು ಸೊಪ್ಪುಗಳ ರಸ ಮತ್ತೊಂದು ದಿನ. ಇವೆಲ್ಲಕ್ಕೂ ಡಿಟಾಕ್ಸ್ ಎಂಬ ಒಂದೇ ಹೆಸರು, ದೇಹದೊಳಗೆ ಸೇರಿದ ವಿಷವನ್ನು ಹೊರಹಾಕುತ್ತದೆ ಎಂಬ ಒಂದೇ ಭರವಸೆ. ಈ ಭರವಸೆಗೆ ದೀರ್ಘವಾದ ಇತಿಹಾಸವಿದೆ. ಆ ಇತಿಹಾಸದ ಒಂದೆರಡು ಮುಖ್ಯ ಪುಟಗಳು ನಮ್ಮ ಈ ಎರಡು ತಾಲ್ಲೂಕುಗಳಲ್ಲಿಯೇ ಇವೆ.

ಶಿರಾಳಕೊಪ್ಪದ ಪಕ್ಕದ ಬಳ್ಳಿಗಾವಿಯಲ್ಲಿ ಕೋಡಿಯ ಮಠವೆಂಬ ಪ್ರಸಿದ್ಧ ಕಾಳಾಮುಖ ಮಠವಿತ್ತು. ಕಲಚುರಿ ಬಿಜ್ಜಳನ ಕಾಲದ 1162ರ ಶಾಸನವು ಆ ಮಠವನ್ನು ವರ್ಣಿಸುವಾಗ ಅಲ್ಲಿನ ಪಾಠ, ಪೂಜೆಗಳನ್ನು ಹೇಳಿ ನಿಲ್ಲಿಸುವುದಿಲ್ಲ. ದೀನರು, ಕುರುಡರು, ಕುಂಟರು, ಕಿವುಡರಿಗೆ ಅಲ್ಲಿ ಅನ್ನ ಸಿಗುತ್ತಿತ್ತೆಂದೂ, ದಿಕ್ಕಿಲ್ಲದ ರೋಗಿಗಳ ನಾನಾ ವ್ಯಾಧಿಗಳಿಗೆ ಅದು ಚಿಕಿತ್ಸೆಯ ಸ್ಥಾನವಾಗಿತ್ತೆಂದೂ ತಿಳಿಸುತ್ತದೆ. ಇದಾದ ಸುಮಾರು ಮೂರು ಶತಮಾನಗಳ ನಂತರ ಬೀದರಿನಲ್ಲಿ ಬಹಮನಿ ಸುಲ್ತಾನ ಎರಡನೆಯ ಅಲಾವುದ್ದೀನ್ ಅಹ್ಮದ್ ಶಾಹ್ ಒಂದು ಆಸ್ಪತ್ರೆಯನ್ನು ಕಟ್ಟಿಸಿದನು. ಹಳ್ಳಿಗಳ ಆದಾಯವನ್ನು ಅದಕ್ಕೆ ಬಿಟ್ಟುಕೊಟ್ಟು, ರೋಗಿಗಳ ಔಷಧ ಮತ್ತು ಆಹಾರದ ವೆಚ್ಚಕ್ಕೆ ದಾರಿ ಮಾಡಿದನು; ಮುಸ್ಲಿಮ್ ಹಕೀಮರನ್ನೂ ಹಿಂದೂ ವೈದ್ಯರನ್ನೂ ಜೊತೆಯಾಗಿ ನೇಮಿಸಿದನು. ಇದನ್ನು ನಮಗೆ ತಿಳಿಸಿದ ಇತಿಹಾಸಕಾರ ಫಿರಿಶ್ತಾ ಬಿಜಾಪುರದಲ್ಲಿ ನೆಲೆಸಿದ್ದವನು. ಭಾರತೀಯ ವೈದ್ಯದ ಬಗ್ಗೆ ಫಾರ್ಸಿಯಲ್ಲಿ ಒಂದು ಗ್ರಂಥವನ್ನೇ ಬರೆದವನು.

ಒಂದು ಮಠ, ಒಂದು ದಾರುಶ್ಶಿಫಾ. ಎರಡರಲ್ಲಿಯೂ ಔಷಧವು ರೋಗಿಗಾಗಿ ಇತ್ತು, ರೋಗವನ್ನು ನೋಡಿ ಕೊಡಲಾಗುತ್ತಿತ್ತು. ಆರೋಗ್ಯವಂತನು ದಿನವೂ ಶುದ್ಧಿಗಾಗಿ ಕುಡಿಯಬೇಕಾದ ವಸ್ತು ಅದಾಗಿರಲಿಲ್ಲ.

ಹಾಗಾದರೆ ಶುದ್ಧೀಕರಣವೆಂಬ ಕಲ್ಪನೆ ನಮ್ಮ ವೈದ್ಯಪರಂಪರೆಯಲ್ಲಿ ಇರಲಿಲ್ಲವೇ? ಖಂಡಿತ ಇತ್ತು. ಯೂನಾನಿ ವೈದ್ಯವು ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ ಎಂಬ ನಾಲ್ಕು ರಸಗಳ ಮೇಲೆ ನಿಂತಿದೆ. ಕೆಟ್ಟ ರಸವನ್ನು ಹೊರಹಾಕುವ ಕ್ರಿಯೆಗೆ ತನ್‌ಖಿಯಾ ಎಂದು ಹೆಸರು. ಮೊದಲು ಮುಂಝಿಜ್ ಕೊಟ್ಟು ಆ ರಸವನ್ನು ಪಕ್ವಗೊಳಿಸುವುದು, ನಂತರ ಮುಸ್‌ಹಿಲ್ ಎಂಬ ವಿರೇಚಕದಿಂದ ಹೊರತೆಗೆಯುವುದು ಇದರ ಕ್ರಮ. ಆಯುರ್ವೇದದ ಪಂಚಕರ್ಮವನ್ನು ಬಲ್ಲವರಿಗೆ ಇದು ಅಪರಿಚಿತವೆನಿಸದು. ಆದರೆ ಹಕೀಮನು ಇದನ್ನು ಮಾಡುತ್ತಿದ್ದುದು ನಾಡಿ ನೋಡಿ, ಮೂತ್ರ ಪರೀಕ್ಷಿಸಿ, ರೋಗಿಯ ಬಲವನ್ನು ಅಳೆದು. ಹಿಪ್ಪೊಕ್ರೇಟಿಸನ ಸೂತ್ರಗಳನ್ನು ಬಗ್ದಾದಿನ ಹುನೈನ್ ಇಬ್ನ್ ಇಸ್‌ಹಾಕ್ ಅರಬಿಗೆ ತಂದಾಗ ಅವುಗಳೊಂದಿಗೆ ಒಂದು ಎಚ್ಚರಿಕೆಯೂ ಬಂದಿತು: ಆರೋಗ್ಯವಂತರಿಗೆ ವಿರೇಚಕ ಕೊಟ್ಟರೆ ಅವರು ಬೇಗನೆ ಬಲಗುಂದುತ್ತಾರೆ. ಡಿಟಾಕ್ಸ್ ಮಾರುವವರು ಪ್ರಾಚೀನರ ಹೆಸರನ್ನು ಧಾರಾಳವಾಗಿ ಬಳಸುತ್ತಾರೆ. ಅವರ ಈ ಎಚ್ಚರಿಕೆಯನ್ನು ಮಾತ್ರ ಬಿಟ್ಟುಬಿಡುತ್ತಾರೆ.

ಆ ಪರಂಪರೆ ತನ್ನನ್ನು ತಾನೇ ತಿದ್ದಿಕೊಂಡ ಪರಂಪರೆಯೂ ಹೌದು. 13ನೆಯ ಶತಮಾನದಲ್ಲಿ ಇಬ್ನುನ್ನಫೀಸ್, ಇಬ್ನ್ ಸೀನಾರ ಗ್ರಂಥಕ್ಕೆ ವ್ಯಾಖ್ಯಾನ ಬರೆಯುತ್ತಲೇ, ರಕ್ತವು ಹೃದಯದ ಬಲಭಾಗದಿಂದ ಎಡಭಾಗಕ್ಕೆ ಶ್ವಾಸಕೋಶದ ಮೂಲಕ ಸಾಗುತ್ತದೆಂದು ಹೇಳಿ ಗ್ಯಾಲನನ ಮತವನ್ನು ಅಲ್ಲಗಳೆದರು. ಅನಂತರದ ಶತಮಾನಗಳಲ್ಲಿ ಯಕೃತ್ತು ಮತ್ತು ಮೂತ್ರಪಿಂಡಗಳ ಕೆಲಸವೂ ತಿಳಿದುಬಂದಿತು. ನಮ್ಮ ಎರಡು ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸುತ್ತವೆ. ಬೇಕಾದುದನ್ನೆಲ್ಲ ರಕ್ತಕ್ಕೆ ಮರಳಿಸಿ, ಒಂದೆರಡು ಲೀಟರನ್ನು ಮಾತ್ರ ಮೂತ್ರವಾಗಿ ಹೊರಬಿಡುತ್ತವೆ. ಯಕೃತ್ತು ವಿಷಕಾರಿ ಅಮೋನಿಯವನ್ನು ಯೂರಿಯವಾಗಿ ಬದಲಿಸುತ್ತದೆ, ನಾವು ನುಂಗಿದ ಮಾತ್ರೆಗಳನ್ನು ಒಡೆಯುತ್ತದೆ. ಈ ಸೃಷ್ಟಿವ್ಯವಸ್ಥೆ ಹಗಲಿರುಳು ನಡೆಯುತ್ತದೆ. ಅದಕ್ಕೆ ಬೇಕಾದುದು ಸಾಕಷ್ಟು ನೀರು. ಆ ನೀರಿನಲ್ಲಿ ಸೌತೆಕಾಯಿ ತೇಲುತ್ತಿದೆಯೇ ಇಲ್ಲವೇ ಎಂಬುದು ಮೂತ್ರಪಿಂಡಕ್ಕೆ ಸಂಬಂಧಿಸಿದ ವಿಷಯವಲ್ಲ.

ಇಂದಿನ ಡಿಟಾಕ್ಸ್ ಪಾನೀಯದ ಪೂರ್ವಜನನ್ನು ಹುಡುಕಲು ಬಳ್ಳಿಗಾವಿಗಾಗಲಿ ಬಗ್ದಾದಿಗಾಗಲಿ ಹೋಗಬೇಕಿಲ್ಲ, ಅಮೆರಿಕಕ್ಕೆ ಹೋಗಬೇಕು. ಅಲ್ಲಿ ಸ್ಟ್ಯಾನ್ಲಿ ಬರೋಸ್ ಎಂಬಾತ ನಿಂಬೆರಸ, ಮೇಪಲ್ ಪಾಕ, ಖಾರದ ಪುಡಿ ಬೆರೆಸಿದ ಪಾನಕವನ್ನು ದೇಹಶುದ್ಧಿಯ ವಿಧಾನವೆಂದು ಪ್ರಚಾರ ಮಾಡಿದನು. ರಕ್ತದ ಕ್ಯಾನ್ಸರಿದ್ದ ಯುವಕನೊಬ್ಬ ಆಸ್ಪತ್ರೆಯನ್ನು ಬಿಟ್ಟು ಇವನ ಪಾನಕ ಮತ್ತು ಮಾಲೀಷನ್ನು ನಂಬಿ ಪ್ರಾಣ ಕಳೆದುಕೊಂಡನು. ಪರವಾನಗಿಯಿಲ್ಲದೆ ವೈದ್ಯ ಮಾಡಿದ ಅಪರಾಧವನ್ನು ಕ್ಯಾಲಿಫೋರ್ನಿಯದ ಸರ್ವೋಚ್ಚ ನ್ಯಾಯಾಲಯವು 1984ರಲ್ಲಿ ಎತ್ತಿಹಿಡಿಯಿತು, ಕೊಲೆಯ ಆರೋಪವನ್ನು ಮಾತ್ರ ಬದಿಗಿಟ್ಟಿತು. ಪಾನಕವೇನೋ ಉಳಿದು, ಲೋಕವನ್ನೆಲ್ಲ ಸುತ್ತಿತು. 2009ರಲ್ಲಿ ಬ್ರಿಟನ್ನಿನ ಯುವ ವಿಜ್ಞಾನಿಗಳ ಒಂದು ಬಳಗ ಡಿಟಾಕ್ಸ್ ಹೆಸರಿನ 15 ಉತ್ಪನ್ನಗಳ ತಯಾರಕರನ್ನು ವಿಚಾರಿಸಿತು: ನೀವು ಹೊರಹಾಕುವ ವಿಷ ಯಾವುದು? ಆ ಪದದ ಅರ್ಥದ ಬಗ್ಗೆ ಇಬ್ಬರು ತಯಾರಕರೂ ಒಮ್ಮತದ ಉತ್ತರ ಕೊಡಲಿಲ್ಲ.

ಉಪಯೋಗವಿಲ್ಲದಿದ್ದರೆ ಅಪಾಯವೂ ಇಲ್ಲವಲ್ಲ ಎನ್ನುವವರಿದ್ದಾರೆ. ನೆರೆಯ ಕೇರಳದಿಂದ 2013ರಲ್ಲಿ ವರದಿಯಾದುದನ್ನು ಅವರು ಗಮನಿಸಬೇಕು. ಕೊಲೆಸ್ಟರಾಲ್ ಇಳಿಯಲೆಂದು ಬಿಂಬುಳಿಯ ಗಟ್ಟಿ ರಸವನ್ನು ಕುಡಿದ 10 ಮಂದಿಯ ಮೂತ್ರಪಿಂಡಗಳು ಹಠಾತ್ತನೆ ಕೆಲಸ ನಿಲ್ಲಿಸಿದವು. ಆ ಕಾಯಿಯಲ್ಲಿರುವ ಆಕ್ಸಲೇಟ್ ಅದಕ್ಕೆ ಕಾರಣ. ಅದೇ ಕುಲದ ಕಮರಾಕ್ಷಿ ನಮ್ಮ ಮಲೆನಾಡಿನ ಹಿತ್ತಿಲುಗಳಲ್ಲಿಯೂ ಉಂಟು, ಮೂತ್ರಪಿಂಡದ ಕಾಯಿಲೆಯಿರುವವರಿಗೆ ಅದು ವಿಷವೇ ಸರಿ. ಕೊರೋನಾ ಕಾಲದಲ್ಲಿ ಅಮೃತಬಳ್ಳಿಯ ಕಷಾಯ ಮನೆಮನೆಯಲ್ಲಿಯೂ ಕುದಿಯಿತು. ಅದನ್ನು ಸೇವಿಸಿದ 6 ಮಂದಿಯಲ್ಲಿ ಯಕೃತ್ತಿನ ಹಾನಿಯನ್ನು ಮುಂಬಯಿಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯವು ಆ ನಿರ್ಣಯವನ್ನು ಒಪ್ಪಲಿಲ್ಲ. ಚರ್ಚೆ ಏನೇ ಇರಲಿ, ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ಮಾತ್ರೆ ನುಂಗುವ ಹಿರಿಯರಿಗೆ ಹೆಸರು ತಿಳಿಯದ ಸೊಪ್ಪಿನ ರಸವನ್ನು ಪ್ರೀತಿಯಿಂದ ಕುಡಿಸುವ ಮೊದಲು ವೈದ್ಯರನ್ನು ಕೇಳಬೇಕು.

ರಮಝಾನಿನ ಉಪವಾಸಕ್ಕೂ ಡಿಟಾಕ್ಸ್ ಎಂಬ ಹಣೆಪಟ್ಟಿ ಅಂಟಿಸುವ ಅಭ್ಯಾಸ ಈಚೆಗೆ ಬಂದಿದೆ. ಉಪವಾಸದ ಉದ್ದೇಶ ತಖ್ವಾ ಎಂದು ಕುರ್‌ಆನ್ ತಿಳಿಸಿರುವಾಗ ಆ ಪ್ರಮಾಣಪತ್ರ ನಮಗೇಕೆ? ಹೊಟ್ಟೆಯನ್ನು ಮೂರು ಪಾಲು ಮಾಡಿ ಒಂದು ಪಾಲು ಉಸಿರಿಗೆ ಬಿಡಬೇಕೆಂಬ ಪ್ರವಾದಿವರ್ಯರ(ಸ) ಉಪದೇಶವು ಇಫ್ತಾರಿನ ತಟ್ಟೆಗೆ ಅನ್ವಯಿಸುತ್ತದೆ. ತಟ್ಟೆ ತುಂಬಿ ತುಳುಕಿದ ಮೇಲೆ ಹಸಿರು ರಸದ ಲೋಟ ಅದನ್ನು ತೊಳೆಯಲಾರದು.

ಜೀರಿಗೆ ಕಷಾಯ, ಮಜ್ಜಿಗೆ, ಮುರುಗಲ ಹಣ್ಣಿನ ಪಾನಕ, ಒಂದೆಲಗದ ತಂಬುಳಿ ಇವು ಮಲೆನಾಡಿನ ಊಟದ ಸೊಗಸು. ರುಚಿಗಾಗಿ, ದಾಹಕ್ಕಾಗಿ ಯಾರೂ ಅವನ್ನು ಬಿಡಬೇಕಿಲ್ಲ. ಕಷ್ಟವಿರುವುದು ಜ್ವರ ಬಂದಾಗಲೂ ವಿಷ ಇಳಿಯಲೆಂದು ಕಷಾಯ ಕುಡಿದು ಕಾಯುವುದರಲ್ಲಿ. ಸೊರಬದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇದೇ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸಾಲಾಗಿ ಸತ್ತವು, ಸುತ್ತಲಿನ ಹಳ್ಳಿಗರು ತೀವ್ರ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬಂದು ಹೊಸ ವೈರಸ್ಸೊಂದನ್ನು ಪತ್ತೆಹಚ್ಚಿದರು, ಅದನ್ನು ಹರಡುವುದು ಉಣ್ಣಿಯೆಂದು ಗುರುತಿಸಿದರು. ಲೋಕದ ವೈದ್ಯಗ್ರಂಥಗಳಲ್ಲಿ ಆ ರೋಗಕ್ಕೆ ಕ್ಯಾಸನೂರಿನ ಹೆಸರೇ ಇದೆ. ನಮಗೆ ಅದು ಮಂಗನ ಕಾಯಿಲೆ. ಆ ವೈರಸ್ಸನ್ನು ಕೊಲ್ಲುವ ನಿರ್ದಿಷ್ಟ ಔಷಧ ಇಂದಿಗೂ ಇಲ್ಲ. ದೇಹದ ನೀರಿನ ಪ್ರಮಾಣವನ್ನು ಕಾಯ್ದುಕೊಳ್ಳುತ್ತ, ರಕ್ತಸ್ರಾವವನ್ನು ಗಮನಿಸುತ್ತ ಆಸ್ಪತ್ರೆಯಲ್ಲಿ ನಡೆಸುವ ಆರೈಕೆಯೇ ಜೀವ ಉಳಿಸುತ್ತದೆ. ಬೇಸಿಗೆಯಲ್ಲಿ ಜ್ವರವೆಂದು ಬಂದವರನ್ನು, ತರಗೆಲೆಗೋ ಸೌದೆಗೋ ಕಾಡಿಗೆ ಹೋಗಿದ್ದಿರಾ, ಸುತ್ತಮುತ್ತ ಮಂಗ ಸತ್ತಿತ್ತೇ ಎಂದು ಇಲ್ಲಿನ ವೈದ್ಯರು ಕೇಳುವುದು ಈ ಕಾರಣಕ್ಕಾಗಿಯೇ.