ಜ್ವರಗೆಡ್ಡೆ ಹೇಳುತ್ತಿದ್ದ ಊರಿನ ಲೆಕ್ಕ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯ ತಾಯಂದಿರಿಗೆ ನೂರು ವರ್ಷಗಳ ಹಿಂದೆ ‘ಜ್ವರಗೆಡ್ಡೆ’ ಎಂದರೇನೆಂದು ಯಾರೂ ವಿವರಿಸಬೇಕಿರಲಿಲ್ಲ. ಸಣಕಲು ಕೈಕಾಲು, ಬಿಳಿಚಿದ ಮುಖ, ಮುಂದಕ್ಕೆ ಬಂದ ಹೊಟ್ಟೆ. ಎಡಗಡೆಯ ಪಕ್ಕೆಲುಬಿನ ಕೆಳಗೆ ಕೈಯಿಟ್ಟರೆ ಗಟ್ಟಿಯಾಗಿ ಸಿಗುವ ಗೆಡ್ಡೆ. ಅದು ಮಲೇರಿಯದಿಂದ ಊದಿದ ಗುಲ್ಮ. ಹಾಳಾದ ರಕ್ತಕಣಗಳನ್ನು ಸೋಸುವ ಈ ಅಂಗ, ರೋಗಾಣು ಹೊಕ್ಕ ಕಣಗಳನ್ನು ಮತ್ತೆ ಮತ್ತೆ ಸೋಸಬೇಕಾಗಿ ಬಂದಾಗ ಹಿಗ್ಗುತ್ತದೆ.

ಈ ಗೆಡ್ಡೆಯಿಂದ ಇಡೀ ಊರಿನ ಜ್ವರವನ್ನೇ ಅಳೆಯಬಹುದೆಂದು 1840ರ ದಶಕದಲ್ಲಿ ತೋರಿಸಿದವನು, ಯಮುನಾ ಕಾಲುವೆಯ ಹಳ್ಳಿಗಳಲ್ಲಿ ಜನರ ಹೊಟ್ಟೆ ಮುಟ್ಟಿ ನೋಡಿದ ಡೆಂಪ್‌ಸ್ಟರ್ ಎಂಬ ವೈದ್ಯ. ಮುಂದೆ ಈ ಎಣಿಕೆಗೆ 2ರಿಂದ 9 ವರ್ಷದ ಮಕ್ಕಳನ್ನು ಆರಿಸಿಕೊಳ್ಳುವುದು ರೂಢಿಯಾಯಿತು. ಕಾರಣ ಸ್ವಾರಸ್ಯಕರ. ದೊಡ್ಡವರ ದೇಹ ವರ್ಷಗಟ್ಟಲೆ ಜ್ವರ ಅನುಭವಿಸಿ ಒಗ್ಗಿಹೋಗಿ, ಗುಲ್ಮ ಕುಗ್ಗಿರಬಹುದು. ಘಟ್ಟದ ಕೆಳಗಿನಿಂದ ತೋಟಕ್ಕೆ ಬಂದ ಆಳು ಜ್ವರವನ್ನು ಎಲ್ಲಿ ಅಂಟಿಸಿಕೊಂಡನೋ ಹೇಳುವುದು ಕಷ್ಟ. ಊರಲ್ಲೇ ಹುಟ್ಟಿ ಬೆಳೆದ ಮಗುವಿನ ಹೊಟ್ಟೆ ಮಾತ್ರ ಆ ಊರಿನ ಲೆಕ್ಕವನ್ನೇ ಹೇಳುತ್ತದೆ. ನೂರರಲ್ಲಿ 50ಕ್ಕೂ ಹೆಚ್ಚು ಮಕ್ಕಳಿಗೆ ಗೆಡ್ಡೆಯಿದ್ದರೆ ಅದು ತೀವ್ರ ಮಲೇರಿಯದ ಸೀಮೆ, 10ರೊಳಗಿದ್ದರೆ ಸೌಮ್ಯ.

ಜ್ವರದಿಂದ ಮಲೆನಾಡು ಬರಿದಾಗುತ್ತಿರುವುದು ಮೈಸೂರು ಸರ್ಕಾರದ ಚಿಂತೆಯಾಗಿತ್ತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಮಲೆನಾಡು ಸುಧಾರಣೆಯ ಯೋಜನೆಯೇ ಹುಟ್ಟಿತು. 1920ರ ದಶಕದ ಕೊನೆಗೆ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮಲೇರಿಯದ ಅಧ್ಯಯನ ಆರಂಭವಾಯಿತು. ಆಗಿನ ಕಡೂರು ಜಿಲ್ಲೆಯ ಮೂಡಿಗೆರೆ ಅದರ ಒಂದು ಕೇಂದ್ರ. ಸೊಳ್ಳೆಗೆ ಕೊಳೆನೀರೇ ಬೇಕೆಂಬ ನಂಬಿಕೆ ಇಲ್ಲಿ ನಿಲ್ಲದು. ಮಲೆನಾಡಿನ ಅಪರಾಧಿಯಾದ ಅನಾಫಿಲಿಸ್ ಫ್ಲೂವಿಯಾಟಿಲಿಸ್ ಮೊಟ್ಟೆಯಿಡುವುದು ಮೆಲ್ಲಗೆ ಹರಿಯುವ ತಿಳಿನೀರಿನ ಹಳ್ಳದಂಚಿನಲ್ಲಿ. 1953ರಲ್ಲಿ ರಾಷ್ಟ್ರೀಯ ಮಲೇರಿಯ ನಿಯಂತ್ರಣ ಕಾರ್ಯಕ್ರಮ ಬಂತು. ಮನೆಗೋಡೆಗೆ ಡಿಡಿಟಿ ಬಿದ್ದ ಮೇಲೆ ಮಕ್ಕಳ ಹೊಟ್ಟೆ ಇಳಿಯಿತು.

ಆದರೆ ಊರಿನ ಬಗ್ಗೆ ಇಷ್ಟು ನಿಖರವಾಗಿ ಹೇಳುತ್ತಿದ್ದ ಗೆಡ್ಡೆ, ಎದುರಿಗಿರುವ ಒಂದು ಮಗುವಿನ ಬಗ್ಗೆ ಅಷ್ಟು ಹೇಳುತ್ತಿರಲಿಲ್ಲ. ಟೈಫಾಯ್ಡ್‌ನಲ್ಲೂ ರಕ್ತದ ಕ್ಯಾನ್ಸರಿನಲ್ಲೂ ಗುಲ್ಮ ಊದುತ್ತದೆ. ಮೊದಲ ಸಲ ಮಲೇರಿಯ ತಗುಲಿದ ಮಗುವಿಗೆ ಗೆಡ್ಡೆ ಕೈಗೆ ಸಿಗುವ ಮೊದಲೇ ಪ್ರಾಣಕ್ಕೆ ಬರಬಹುದು. ಹಾಲು, ಊಟ ಬಿಟ್ಟು ಮಂಕಾಗಿ ಮಲಗಿದ, ಫಿಟ್ಸ್ ಬಂದ, ಉಸಿರಿಗೆ ಒದ್ದಾಡುವ ಮಗುವನ್ನು ರೋಗದ ಹೆಸರು ಗೊತ್ತಾಗುವವರೆಗೆ ಮನೆಯಲ್ಲಿ ಇರಿಸಿಕೊಳ್ಳುವಂತಿಲ್ಲ.

ಈಗ ಇದೇ ತಾಲ್ಲೂಕುಗಳಲ್ಲಿ ಜ್ವರ ಬಂದ ಮಗುವಿನ ಬಗ್ಗೆ ಕೇಳಬೇಕಾದ ಪ್ರಶ್ನೆಗಳೇ ಬೇರೆ: ಕಾಡಿಗೆ ಹೋಗಿತ್ತೇ, ಉಣ್ಣಿ ಕಚ್ಚಿತ್ತೇ, ಹತ್ತಿರದಲ್ಲಿ ಮಂಗ ಸತ್ತಿದೆಯೇ? 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಇಲ್ಲಿಗೂ ಹಬ್ಬಿದೆ. ಒಮ್ಮೆಲೇ ಏರುವ ಜ್ವರ, ತಲೆನೋವು, ಮೈಕೈ ನೋವು ಅದರ ಆರಂಭ. ಇಳಿದ ಜ್ವರ ಒಂದೆರಡು ವಾರ ಬಿಟ್ಟು ಕೆಲವರಲ್ಲಿ ಮರುಕಳಿಸುತ್ತದೆ. ಆಗ ನಡುಕ, ಮಂಕು ಕೂಡ ಜೊತೆಗೆ ಬರುವುದುಂಟು.